ಕಲ್ಲಿದ್ದಲು ಘಟಕದ ಹೊಗೆ ಲೆಕ್ಕ ಹಾಕುವುದು ಹೇಗೆ?

ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಲ್ಲಿ 210 ಮೆಗಾವಾಟ್‌ನ ಏಳು ಘಟಕಗಳೂ 250 ಮೆಗಾವಾಟ್‌ನ ಒಂದು ಘಟಕವೂ ಇವೆ. ಆ ಅಳತೆಯ ಒಂದು 210 ಮೆಗಾವಾಟ್ ಘಟಕವನ್ನು ಮಾದರಿಯಾಗಿ ಹಿಡಿಯೋಣ. ಕೆಳಗಿನ ಪಿಎಲ್‌ಎಫ್ (ಪೂರ್ಣ ಸಾಮರ್ಥ್ಯದಲ್ಲಿ ಎಷ್ಟು ಪಾಲು ಉತ್ಪಾದನೆ ಆಯಿತು ಎಂಬ ಅಳತೆ), ಹೀಟ್ ರೇಟ್ (ಒಂದು ಯೂನಿಟ್ ವಿದ್ಯುತ್ತಿಗೆ ಬೇಕಾಗುವ ಶಾಖ) ಮೊದಲಾದವು ಉದಾಹರಣೆಗೆ ಮಾತ್ರ. ನಿಜವಾದ ಉತ್ಪಾದನೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾಸಿಕ ವರದಿಯಲ್ಲಿ ಸಿಗುತ್ತದೆ. ಹೀಟ್ ರೇಟನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ (ಕೆಇಆರ್‌ಸಿ) ದರ ಆದೇಶಗಳಲ್ಲಿ ನೋಡಿ. ಆದರೆ ಅಲ್ಲಿರುವುದು ನಿಗದಿತ ಮಾನದಂಡ, ಹಳೆಯ ಘಟಕ ಅದಕ್ಕಿಂತ ಹೆಚ್ಚು ಶಾಖ ತಿನ್ನುತ್ತಿರಬಹುದು.

ಮೊದಲು ಉತ್ಪಾದನೆ. ಪಿಎಲ್‌ಎಫ್ 60% ಆದರೆ 210 ಮೆಗಾವಾಟ್ × ವರ್ಷದ 8,760 ಗಂಟೆ × 0.6, ಅಂದರೆ ವರ್ಷಕ್ಕೆ ಸುಮಾರು 110 ಕೋಟಿ ಯೂನಿಟ್.

ಮುಂದಿನದು ಶಾಖ. ಯೂನಿಟ್‌ಗೆ 2,500 ಕಿಲೋಕ್ಯಾಲರಿ ಎಂದರೆ 10.47 ಮೆಗಾಜೂಲ್. ಜಿಸಿವಿ (ಹಬೆಯಾಗಿ ಹೋಗುವ ನೀರಿನ ಶಾಖವನ್ನೂ ಸೇರಿಸಿದ, ಇಂಧನದ ಒಟ್ಟು ಶಾಖಮೌಲ್ಯ) ಆಧಾರದಲ್ಲಿ ಮೆಗಾಜೂಲ್‌ಗೆ 90 ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿದರೆ ಯೂನಿಟ್‌ಗೆ 942 ಗ್ರಾಂ, ವರ್ಷಕ್ಕೆ ಸುಮಾರು 10.4 ಲಕ್ಷ ಟನ್. ಸ್ಥಾವರ ತನಗೇ 9% ಬಳಸಿಕೊಂಡರೆ, ಹೊರಗೆ ಬರುವ ಪ್ರತಿ ಯೂನಿಟ್‌ನ ಪಾಲಿಗೆ 1,035 ಗ್ರಾಂ ಬೀಳುತ್ತದೆ. ಸೋಲಾರ್ ಜೊತೆ ಹೋಲಿಸುವಾಗ ಈ ಎರಡನೆಯ ಅಂಕಿಯನ್ನೇ ಬಳಸಿ.

ಹೆಚ್ಚಿನವರು ಎಡವುವುದು ಇಲ್ಲೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಕೊಡುವ ಗುಣಾಂಕ ಎನ್‌ಸಿವಿ (ಆ ಹಬೆಯ ಶಾಖ ಕಳೆದ ನಿವ್ವಳ ಶಾಖಮೌಲ್ಯ) ಮೇಲಿನದು, ನಮ್ಮಲ್ಲಿ ಹೀಟ್ ರೇಟ್ ಲೆಕ್ಕ ನಡೆಯುವುದು ಜಿಸಿವಿ ಮೇಲೆ. ಎರಡನ್ನೂ ಬೆರೆಸಿದರೆ ಉತ್ತರ ಸುಮ್ಮನೆ ಉಬ್ಬುತ್ತದೆ. ಕಲ್ಲಿದ್ದಲಿನ ಟನ್‌ನಿಂದ ಲೆಕ್ಕ ಶುರುಮಾಡುವುದೂ ಅಪಾಯ: ಗಣಿಯ ಬಿಲ್ಲಿನಲ್ಲಿರುವ ಜಿಸಿವಿ ಒಂದು, ಬಾಯ್ಲರ್‌ಗೆ ಬೀಳುವ ಕಲ್ಲಿದ್ದಲಿನದು ಇನ್ನೊಂದು. ಮಳೆಗಾಲದಲ್ಲಂತೂ ತೇವ ಆ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತದೆ.

ದೂಳು, ಗಂಧಕಕ್ಕೆ ಮಾತ್ರ ಟನ್ ಬೇಕೇಬೇಕು. ಜಿಸಿವಿ ಕೆ.ಜಿ.ಗೆ 3,600 ಕಿಲೋಕ್ಯಾಲರಿ ಆದರೆ ಯೂನಿಟ್‌ಗೆ 0.69 ಕೆ.ಜಿ., ವರ್ಷಕ್ಕೆ ಸುಮಾರು 7.7 ಲಕ್ಷ ಟನ್ ಕಲ್ಲಿದ್ದಲು. ಗಂಧಕ 0.4% ಇದ್ದರೆ ಅದರ ದುಪ್ಪಟ್ಟು, ಹೆಚ್ಚೆಂದರೆ 6,100 ಟನ್ ಸಲ್ಫರ್ ಡೈಆಕ್ಸೈಡ್. ತುಸು ಗಂಧಕ ಬೂದಿಯಲ್ಲೇ ಉಳಿಯುತ್ತದೆ. ಬೂದಿ 35%, ಅದರಲ್ಲಿ ಹಾರುಬೂದಿ 80% ಎಂದರೆ 2.15 ಲಕ್ಷ ಟನ್. ಇಎಸ್‌ಪಿ (ವಿದ್ಯುತ್ ಬಲದಿಂದ ಹೊಗೆಯ ದೂಳು ಹಿಡಿಯುವ ಸಾಧನ) 99.9% ಹಿಡಿದರೆ ಚಿಮಣಿಯಿಂದ 215 ಟನ್ ಹೊರಬೀಳುತ್ತದೆ. ಅದೇ 99.5%ಗೆ ಇಳಿದರೆ 1,075 ಟನ್! ಇಎಸ್‌ಪಿಯ ಒಂದು ಫೀಲ್ಡ್ (ಸಾಲಾಗಿರುವ ವಿಭಾಗಗಳಲ್ಲೊಂದು) ಕೆಟ್ಟು ಕೂತರೂ ಸುತ್ತಲ ಊರಿನವರ ಉಸಿರಿಗೆ ಅದು ತಟ್ಟುತ್ತದೆ. ಹಾಗಾಗಿ ದಕ್ಷತೆಯ ದಶಮಾಂಶವನ್ನು ಪಟ್ಟುಹಿಡಿದು ಕೇಳಿ.

ಪ್ರಾದೇಶಿಕ ಯೋಜನೆಗೆ ಇದನ್ನು ಬಳಸುವಾಗ ಒಂದು ಎಚ್ಚರ. ಮಧ್ಯಾಹ್ನ ಪಾವಗಡದ ಸೋಲಾರ್ ಪಾರ್ಕ್‌ನ ವಿದ್ಯುತ್ ಹರಿದುಬಂದಾಗ ಕಲ್ಲಿದ್ದಲು ಘಟಕಗಳು ಲೋಡ್ ತಗ್ಗಿಸುತ್ತವೆ. ಅರ್ಧ ಲೋಡಿನಲ್ಲಿ ಹೀಟ್ ರೇಟ್ ಏರುವುದರಿಂದ ಹೊಗೆ ಅರ್ಧಕ್ಕೆ ಇಳಿಯುವುದಿಲ್ಲ. ವರ್ಷದ ಸರಾಸರಿ ಬಿಟ್ಟು, ಮಧ್ಯಾಹ್ನ, ಸಂಜೆಯ ಪೀಕ್, ರಾತ್ರಿ ಎಂದು ಬೇರೆ ಬೇರೆ ಹೀಟ್ ರೇಟ್ ಹಾಕಿ ಕೂಡಿಸಿ.