ದ್ರಾಕ್ಷಿಯ ಲೆಕ್ಕ ಮಾವಿಗೆ ನಡೆಯಲಿಲ್ಲ

ನಾನು ವಿಜಯಪುರದ ಕಡೆಯವನು. ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದರು. ನಮ್ಮಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವುದು, ವರ್ಷಕ್ಕೆ ಎರಡು ಸಲ. ಏಪ್ರಿಲ್‌ನಲ್ಲಿ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ಪುಣೆಗೆ ಬಂದು ಇಷ್ಟು ವರ್ಷವಾದರೂ ಆ ಲೆಕ್ಕ ತಲೆಯಿಂದ ಹೋಗಿರಲಿಲ್ಲ. ಕೊಥ್ರೂಡ್‌ನ ನಮ್ಮ ಅಂಗಳದ ಆಪೂಸ್ ಮರಕ್ಕೂ ಅದನ್ನೇ ಹಚ್ಚಿಬಿಟ್ಟೆ.

ಮರಕ್ಕೆ ಆಗ ಸುಮಾರು 30 ವರ್ಷ. ಕೊಂಬೆಗಳು ಪಕ್ಕದವರ ತಾರಸಿ ಮೇಲೆ ಮಲಗಿದ್ದವು. ನಡುವೆ ಬಿಸಿಲೇ ಇಳಿಯುತ್ತಿರಲಿಲ್ಲ, ಕಾಯೆಲ್ಲ ಕೈಗೆ ಸಿಗದ ತುದಿಯಲ್ಲಿ. ದಸರಾ ಆದ ಮೇಲೆ ಮಾಳಿಯನ್ನು ಕರೆಸಿ ಸವರಿಸಿದೆ. ಮಳೆ ನಿಂತಿತ್ತು, ಹತ್ತಲು ಸಲೀಸು. ಜನವರಿಯಲ್ಲಿ ಬೀದಿಯ ಮಾವಿನ ಮರಗಳೆಲ್ಲ ಹೂ ಬಿಟ್ಟವು. ನಮ್ಮದು ತಾಮ್ರದ ಬಣ್ಣದ ಎಳೆ ಎಲೆ ಹೊತ್ತು ನಿಂತಿತ್ತು. ಪಕ್ಕದ ಮನೆಯ ಕಾಕು ಕಾಂಪೌಂಡ್ ಆಚೆಯಿಂದ, “ಯಂದಾ ಮೋಹರ್ ನಾಹೀ ಕಾ?” ಅಂತ ಕೇಳಿದರು. ಈ ವರ್ಷ ಹೂ ಇಲ್ವಾ ಅಂತ. ಏನು ಹೇಳಲಿ!

ತಪ್ಪು ಎಲ್ಲಿ ಅಂತ ಆಮೇಲೆ ತಿಳಿಯಿತು. ದ್ರಾಕ್ಷಿಯಲ್ಲಿ ಏಪ್ರಿಲ್ ಚಾಟ್ನಿಯ ನಂತರ ಬೆಳೆದ ಕಡ್ಡಿಯ ಕಣ್ಣಿನಲ್ಲೇ ಗೊನೆ ಅಡಗಿ ಕೂತಿರುತ್ತದೆ. ಅಕ್ಟೋಬರ್‌ನಲ್ಲಿ ಕತ್ತರಿಸಿದರೆ ಅದು ಹೊರಬರುತ್ತದೆ. ಮಾವು ಹಾಗಲ್ಲ. ಅದು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ನಾನು ಕತ್ತರಿಸಿ ಎಸೆದದ್ದು ಆ ತುದಿಗಳನ್ನೇ. ಹೊಸ ಚಿಗುರು ಬಲಿಯುವ ಮೊದಲೇ ಚಳಿ ಬಂತು, ಹೂವಿನ ಕಾಲ ಕಳೆದುಹೋಯಿತು.

ಈಗ ಹೂವಿನಿಂದ ಹಿಂದಕ್ಕೆ ಎಣಿಸುತ್ತೇನೆ. ಹೂ ಡಿಸೆಂಬರ್, ಜನವರಿಯಲ್ಲಿ. ಚಿಗುರು ಬಲಿಯಲು ಮೂರು ನಾಲ್ಕು ತಿಂಗಳು ಬೇಕು. ಹಾಗಾದರೆ ಅದು ಮಳೆಗಾಲದಲ್ಲೇ ಒಡೆಯಬೇಕು. ಅಂದರೆ ಕೊನೆಯ ಹಣ್ಣು ಇಳಿಸಿದ ಕೂಡಲೇ ಗರಗಸ ಹಿಡಿಯಬೇಕು. ನಮ್ಮಲ್ಲಿ ಅದು ಜೂನ್ ಕೊನೆ. ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಮಾಡಿ ಅಂತ ಕೆಲವರು ಹೇಳಿದರು. ಆಗ ಕಾಯಿ ಮರದಲ್ಲೇ ಇರುತ್ತದೆ. ಮೇಲಾಗಿ, ಇಷ್ಟು ವರ್ಷ ನೆರಳಲ್ಲಿದ್ದ ತೊಗಟೆ ಮೇ ಬಿಸಿಲಿಗೆ ಸುಟ್ಟು ಸೀಳುತ್ತದೆ.

ಜೂನ್‌ನ ತೊಂದರೆ ಮಳೆ. ಹಸಿ ಗಾಯಕ್ಕೆ ಬೂಷ್ಟು ಬರುತ್ತದೆ, ಕಾಂಡ ಕೊರೆಯುವ ಹುಳುವೂ ಬರುತ್ತದೆ. ಎರಡು ದಿನ ಹೊಳವಾದಾಗ ಕತ್ತರಿಸಿ, ಅಂದೇ ಬೋರ್ಡೋ ಪೇಸ್ಟ್ ಹಚ್ಚುತ್ತೇನೆ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ನೆನೆಸಿ ಆಮೇಲೆ ಕೂಡಿಸಬೇಕು, ಅದೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಕಮ್ಮಿಯಾಗಿದೆ ಅಂತ ಅರ್ಥ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ಯಬೇಡಿ. ಅರ್ಧ ಕೊಯ್ಯುವಷ್ಟರಲ್ಲಿ ಭಾರಕ್ಕೆ ಮುರಿದು, ಬೊಡ್ಡೆಯ ಸಿಪ್ಪೆಯನ್ನೂ ಸುಲಿದುಕೊಂಡು ಬೀಳುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ. ಉಳಿದ ಮೋಟನ್ನು ಕೊನೆಗೆ, ಬುಡದ ಉಬ್ಬಿಗೆ ತಾಗದಂತೆ ತೆಗೆಯಬೇಕು. ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಸೊನೆ ತಾಗಿದರೆ ಚರ್ಮ ಸುಡುತ್ತದೆ.

ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣೆ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಪಾಲಿಕೆಯ ಅನುಮತಿ ಬೇಕು. ನಾನು ಏಪ್ರಿಲ್‌ನಲ್ಲೇ ಅರ್ಜಿ ಹಾಕುತ್ತೇನೆ.

ಒಂದೇ ವರ್ಷದಲ್ಲಿ ಎಲ್ಲ ತೆಗೆಸಲಿಲ್ಲ. ಮೊದಲ ಜೂನ್‌ನಲ್ಲಿ ನಡುವಿನ ಒಂದು ಕೊಂಬೆ, ಮರುವರ್ಷ ತಾರಸಿ ಕಡೆಯದು. ಈ ಸಲ ಕೆಳಗಿನ ರೆಂಬೆಗಳಲ್ಲೂ ಕಾಯಿ ಕಟ್ಟಿತು. ಒಂದು ಬುಟ್ಟಿ ಹಣ್ಣು ಹಿಡಿದು ಕಾಕು ಮನೆಗೆ ಹೋದೆ. ಅವರು ಬುಟ್ಟಿ ಇಟ್ಟುಕೊಂಡು, ಅಡುಗೆಮನೆ ಕಿಟಕಿಗೆ ತಾಗುವ ಕೊಂಬೆ ಯಾವಾಗ ತೆಗೆಸುತ್ತೀರಿ ಅಂತ ಕೇಳಿದರು.

ಜೂನ್ ಕೊನೆಗೆ ಕಾಕು, ಅಂದೆ.