ಎರಡು ವರ್ಷವಾಯಿತು, ನನ್ನ ದೊಡ್ಡ ಗುಂಡಮ್ ಇನ್ನೂ ಬಗ್ಗಿಲ್ಲ

ಗುಂಡಮ್ ಎಂದರೆ ಜಪಾನಿ ಆನಿಮೇಷನ್ ಸರಣಿಯ ದೈತ್ಯ ರೋಬೋ, ನನ್ನದು ಅದರ ಜೋಡಿಸುವ ಪ್ಲಾಸ್ಟಿಕ್ ಕಿಟ್: ಮೆಗಾ ಸೈಜ್ 1/48 (ಕಥೆಯ ಅಳತೆಯ 48ರಲ್ಲೊಂದು ಪಾಲು) ಆರ್‌ಎಕ್ಸ್-78-2. ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ನೆಲದ ಮೇಲೆ, ಮೈ ಸ್ವಲ್ಪ ಮುಂದಕ್ಕೆ, ಬಲಗೈಯಲ್ಲಿ ರೈಫಲ್. ಬೆನ್ನಿಗೆ ಆಸರೆ ಇಲ್ಲ, ಸ್ಟ್ಯಾಂಡ್ ಇಲ್ಲ. "ಆಗಲ್ಲ ಗುರು, ಆರು ತಿಂಗಳಿಗೆ ಸೊಂಟ ಕುಸಿಯುತ್ತೆ" ಎಂದು ಹೇಳಿದ ಗೆಳೆಯರು ಈಗ ಮನೆಗೆ ಬಂದು ತಳದ ಕೆಳಗೆ ಬಗ್ಗಿ ನೋಡುತ್ತಾರೆ. ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿದೆ. ಒಂದು ಮಿಲಿಮೀಟರ್ ಕೂಡ ಇಳಿದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಖುಷಿಯೇ.

ಮೊದಲು ದುಡ್ಡಿನ ವಿಷಯ. 2021ರಲ್ಲಿ ಜಪಾನಿನಿಂದ ತರಿಸಿದೆ. ಅಲ್ಲಿನ ಬೆಲೆ ಸುಮಾರು 8,000 ಯೆನ್, ಆಗ ನಮ್ಮ ಲೆಕ್ಕದಲ್ಲಿ 5,500 ರೂಪಾಯಿ ಆಸುಪಾಸು. ಆದರೆ ಇಂಥ ದೊಡ್ಡ, ಹಗುರ ಡಬ್ಬಿಗೆ ಕೊರಿಯರ್ ದರ ತೂಕದ ಮೇಲಲ್ಲ, ಡಬ್ಬಿಯ ಅಳತೆಯ ಮೇಲೆ. ಒಳಗಿರುವ ಗಾಳಿಗೂ ದುಡ್ಡು ಕೊಟ್ಟ ಹಾಗೆ. ಅದರ ಮೇಲೆ ಆಗಿನ ಆಟಿಕೆ ಸುಂಕ ಶೇ. 60, ಅದೂ ಕೊರಿಯರ್ ಖರ್ಚನ್ನು ಸೇರಿಸಿಕೊಂಡು. ಆಮೇಲೆ ಜಿಎಸ್‌ಟಿ. ಡಬ್ಬಿ ಬೆಂಗಳೂರಿನ ಮನೆ ಬಾಗಿಲಿಗೆ ಬರುವಷ್ಟರಲ್ಲಿ 18,000 ದಾಟಿತ್ತು.

ಜೋಡಿಸುವುದು ಸುಲಭ, ಎರಡು ಭಾನುವಾರ ಸಾಕಾಯಿತು. ತೊಂದರೆ ಶುರುವಾಗುವುದು ನಿಲ್ಲಿಸುವಾಗ. ಮೆಗಾ ಸೈಜಿನ ಕಾಲು ಬಹುಪಾಲು ಟೊಳ್ಳು, ಪಿಜಿ (ಪರ್ಫೆಕ್ಟ್ ಗ್ರೇಡ್ ಎಂಬ ದುಬಾರಿ ಸರಣಿ) ಕಿಟ್‌ಗಳ ಹಾಗೆ ಒಳಗೆ ಪೂರ್ತಿ ಫ್ರೇಮ್ ಇಲ್ಲ. ನೆಟ್ಟಗೆ ನಿಲ್ಲಿಸಿದರೆ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ 37.5 ಸೆಂಟಿಮೀಟರ್ ಎತ್ತರದ ಗೊಂಬೆಯನ್ನು ಸುಮ್ನೆ ಅಟೆನ್ಷನ್‌ನಲ್ಲಿ ನಿಲ್ಲಿಸುವುದಕ್ಕೆ ಅಷ್ಟು ದುಡ್ಡು ಕೊಡಬೇಕಾ?

ಮೊದಲು ಪಾದದೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದೆ. ತೂಕ ಬಂತು, ಆದರೆ ಅದು ಪ್ಲಾಸ್ಟಿಕ್‌ಗೆ ಅಂಟುವುದಿಲ್ಲ. ತಿಂಗಳೊಳಗೆ ಕಳಚಿ ಪಾದದೊಳಗೇ ಗಡಗಡ ಅನ್ನತೊಡಗಿತು. ಕೆರೆದು ತೆಗೆದು ಎಂ-ಸೀಲ್ ತುಂಬಿದೆ. ಪಾದ ಗಟ್ಟಿಯಾಯಿತು, ಮಂಡಿ ಮಾತ್ರ ದಿನಕ್ಕಿಷ್ಟು ಇಳಿಯುತ್ತಲೇ ಇತ್ತು. ಆಮೇಲೆ 2 ಮಿ.ಮೀ. ಅಲ್ಯೂಮಿನಿಯಂ ತಂತಿ ಹಾಕಿದೆ. ಮೂರು ವಾರ ನಿಂತು, ಒಂದು ರಾತ್ರಿ ಮುಖ ಅಡಿಯಾಗಿ ಬಿತ್ತು. ಹಣೆಯ ಹಳದಿ ಕೊಂಬು ಮುರಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಕೈ ಹಿಡಿದದ್ದು 3 ಮಿ.ಮೀ. ಹಿತ್ತಾಳೆ ಕಂಬಿ. ಕಾಲಿಗೊಂದು. ಕಾಲಿನ ಎರಡು ಹೋಳುಗಳನ್ನು ಬಿಡಿಸಿ, ಬೇಕಾದ ಭಂಗಿಗೆ ಕಂಬಿಯನ್ನು ಬಗ್ಗಿಸಿ, ಒಳಗೆ ಮಲಗಿಸಿ, ಆಮೇಲೆ ಮುಚ್ಚುವುದು. ಹಿತ್ತಾಳೆಯನ್ನು ಹಾಗೇ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಮಂಡಿ ಬರುವ ಜಾಗವನ್ನಷ್ಟೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ, ಆರಿದ ಮೇಲೆ ನಿಧಾನವಾಗಿ ಬಗ್ಗಿಸಿ. ಕೆಳತುದಿಗೆ ಲೇತ್ ಅಂಗಡಿಯಲ್ಲಿ ಎಂ3 ತ್ರೆಡ್ (3 ಮಿ.ಮೀ. ನಟ್ ಕೂರುವ ತಿರುಪು) ಹಾಕಿಸಿದೆ, 100 ರೂಪಾಯಿ ಕೊಟ್ಟ ನೆನಪು. ಅದು ಪಾದದಿಂದ ಇಳಿದು, ತೇಗದ ತಳದ ಮೂಲಕ ಹೋಗಿ, ಕೆಳಗಡೆ ನಟ್‌ನಲ್ಲಿ ಬಿಗಿಯುತ್ತದೆ. ತೊಡೆಯ ಒಳಗೆ ಎರಡು ಕಡೆ ಅರಾಲ್ಡೈಟ್. ಎರಡೂ ಕಂಬಿ ಸೊಂಟದಲ್ಲಿ ಹೇಗೆ ಸೇರುತ್ತವೆ, ಮೇಲಿನ ಅರ್ಧ ಹೇಗೆ ಬಿಚ್ಚಿ ಬರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕಾಲು ಇನ್ನು ಆಡುವುದಿಲ್ಲ, ಕಿಟ್ ಹಾಳು ಮಾಡಿದೆ ಎಂದು ಒಬ್ಬ ಗೆಳೆಯ ಬೇಜಾರು ಮಾಡಿಕೊಂಡ. ನನ್ನ ಅಭಿಪ್ರಾಯ ಬೇರೆ. ಇಷ್ಟು ದೊಡ್ಡದನ್ನು ಯಾರೂ ವಾರಕ್ಕೊಮ್ಮೆ ಭಂಗಿ ಬದಲಿಸುತ್ತಾ ಕೂರುವುದಿಲ್ಲ, ಅಲ್ವಾ?

ಬಣ್ಣದಲ್ಲಿ ಕಳೆದುಕೊಂಡದ್ದು ಇನ್ನೂ ಜಾಸ್ತಿ. 1/144 ಅಳತೆಯ ಚಿಕ್ಕ ಕಿಟ್‌ಗಿಂತ ಎತ್ತರ ಮೂರು ಪಟ್ಟು, ಹಾಗಾಗಿ ಬಣ್ಣವೂ ಮೂರು ಪಟ್ಟು ಸಾಕು ಎಂದುಕೊಂಡೆ. ಎತ್ತರ ಮೂರು ಪಟ್ಟಾದರೆ ಬಣ್ಣ ಹೊಡೆಯುವ ಮೇಲ್ಮೈ ಒಂಬತ್ತು ಪಟ್ಟು. ಬಿಳಿಗೆ ಒಂದೆರಡು ಹನಿ ಬೂದು ಬೆರೆಸಿದ್ದೆ, ಎಡ ತೊಡೆ ಮುಗಿಯುವಾಗ ಅದು ಖಾಲಿ. ಅದೇ ಛಾಯೆ ಮತ್ತೆ ಬರಲೇ ಇಲ್ಲ. ಎಲ್ಲ ಬಿಳಿ ಭಾಗಕ್ಕೂ ಮತ್ತೊಮ್ಮೆ ಹೊಡೆದೆ. ದುಡ್ಡು ಉಳಿಸಲು ಜೆ.ಸಿ. ರಸ್ತೆಯಿಂದ ಕಾರಿಗೆ ಬಳಸುವ ಎನ್‌ಸಿ ಥಿನ್ನರ್ ತಂದು ಪ್ರೈಮರ್ ತೆಳ್ಳಗೆ ಮಾಡಿದ್ದೆ. ಗುರಾಣಿಯ ಮೇಲ್ಮೈ ಕರಗಿ ಹಾಲಿನ ಕೆನೆಯ ಹಾಗೆ ಸುಕ್ಕಾಯಿತು. ದಪ್ಪ ಹೊಡೆದದ್ದು ತಪ್ಪು. ರನ್ನರ್ (ಬಿಡಿ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡಿನ ಮೇಲೆ ನೋಡಿಕೊಳ್ಳದೆ ಹೊಡೆದದ್ದು ಇನ್ನೂ ದೊಡ್ಡ ತಪ್ಪು. 220ರಿಂದ ಶುರುಮಾಡಿ ಮೂರು ನಂಬರ್ ಉಪ್ಪುಕಾಗದ ಸವೆಸಿ ಅದನ್ನು ಉಳಿಸಿಕೊಂಡೆ. ಜುಲೈ ಮಳೆಯಲ್ಲಿ ಹೊಡೆದ ನೀಲಿ ಬಣ್ಣ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಅದು ಗಾಳಿಯ ತೇವದ ಕೆಲಸ. ಒಣ ದಿನ ನೋಡಿ ಮೇಲೆ ತೆಳ್ಳಗೆ ಇನ್ನೊಂದು ಕೋಟ್ ಕೊಟ್ಟರೆ ಸರಿಹೋಗುತ್ತದೆ.

ಪ್ಯಾನೆಲ್ ಲೈನ್, ಅಂದರೆ ಮೈಮೇಲಿನ ಸಣ್ಣ ಗೀರುಗಳ ಬಗ್ಗೆ ಒಂದು ಮಾತು. ಜೋಡಿಸಿದ ಮೇಲೆ ಎನಾಮಲ್ ವಾಶ್ (ಥಿನ್ನರ್‌ನಲ್ಲಿ ನೀರಾಗಿಸಿದ ಬಣ್ಣ) ಹರಿಸಬೇಡಿ. ಬಿಗಿಯಾಗಿ ಕೂತ ಜಾಗಕ್ಕೆ ಥಿನ್ನರ್ ಇಳಿದರೆ ಪ್ಲಾಸ್ಟಿಕ್ ಸೀಳುತ್ತದೆ. ನನ್ನ ಬಲ ಭುಜದ ಜಾಯಿಂಟ್ ಹೋದದ್ದು ಹಾಗೆಯೇ. ಭಾಗಗಳನ್ನು ಬಿಡಿಸಿಟ್ಟು, ಹೊಳಪಿನ (ಗ್ಲಾಸಿ) ಕೋಟ್ ಪೂರ್ತಿ ಒಣಗಿದ ಮೇಲೆ ಹಾಕಿ.

ನಡುವೆ ಇನ್ನೊಂದು ಪ್ರಯೋಗ. ತೆಂಗಿನ ಚಿಪ್ಪಿನ ಇದ್ದಿಲನ್ನು ಅರೆದು, ಮಲ್ ಬಟ್ಟೆಯಲ್ಲಿ ಶೋಧಿಸಿ, ಬೆನ್ನಿನ ನಳಿಕೆಗಳಿಗೆ ಮಸಿಯಾಗಿ ಒತ್ತಿದೆ. ಪಾದಕ್ಕೆ ಕೆಮ್ಮಣ್ಣು. ಎರಡೂ ಅಂಗಡಿಯ ಪುಡಿಗಿಂತ ಚೆನ್ನಾಗಿ ಕೂತವು. ಹೊಳಪು ತೆಗೆಯುವ ಮ್ಯಾಟ್ ಕೋಟ್ ಹೊಡೆದ ತಕ್ಷಣ ಅರ್ಧ ಮಾಯವಾಗುತ್ತದೆ, ಅದಕ್ಕೆ ಮೊದಲೇ ಎರಡರಷ್ಟು ಹಾಕಿಕೊಳ್ಳಬೇಕು.

ಗಾಜಿನ ಪೆಟ್ಟಿಗೆಯನ್ನು ಮೀನಿನ ತೊಟ್ಟಿ ಮಾಡುವವರಿಂದ ಮಾಡಿಸಿದೆ. 5 ಮಿ.ಮೀ. ಗಾಜು, ಸುಮಾರು 3,000 ರೂಪಾಯಿ. ತೂಕ 13 ಕೆ.ಜಿ. ಹತ್ತಿರ ಬಂತು, ಹಳೆಯ ಶೆಲ್ಫ್ ಬಗ್ಗಿತು, ಅದಕ್ಕೆ ಕಬ್ಬಿಣದ ಬ್ರಾಕೆಟ್‌ಗೆ ಇನ್ನಷ್ಟು ಖರ್ಚು. ಸಿಲಿಕೋನ್ ವಿನೆಗರ್ ವಾಸನೆ ಬಿಡುವಷ್ಟು ದಿನ ಮಾಡೆಲ್ ಒಳಗಿಡಬೇಡಿ, ನಾನು ಹತ್ತು ದಿನ ಬಾಲ್ಕನಿಯಲ್ಲಿ ಬಿಟ್ಟಿದ್ದೆ. ಕಿಟಕಿಯ ಎದುರೂ ಬೇಡ. ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ನವರಾತ್ರಿಯಲ್ಲಿ ಅಮ್ಮ ಇದನ್ನೂ ಪಟ್ಟದ ಗೊಂಬೆಗಳ ಜೊತೆ ಇಡೋಣ ಎಂದರು. ಮೆಟ್ಟಿಲಿನ ಅಂತರಕ್ಕೆ ಎತ್ತರ ಹೊಂದಲಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಇಟ್ಟೆವು. ಒಂಬತ್ತು ದಿನ ಬೀದಿಯ ಮಕ್ಕಳೆಲ್ಲ ಸುತ್ತ ಓಡಾಡಿದರು. ಕಂಬಿ ಅಲ್ಲಾಡಲಿಲ್ಲ. ನನಗೆ ಧೈರ್ಯ ಬಂದದ್ದೇ ಆಗ.

ಈಗ ಅದೇ ಅಳತೆಯ ಝಾಕು, ಕಥೆಯಲ್ಲಿ ಗುಂಡಮ್‌ನ ಎದುರಾಳಿ ರೋಬೋ, ಮನೆಗೆ ಬಂದಿದೆ. ಈ ಸಲ ತರಿಸುವಾಗ ಸುಂಕ ಶೇ. 70 ಇತ್ತು, ಒಟ್ಟು 20,000 ದಾಟಿತು. ಅದರ ಕಾಲಿನ ಹೊರಗೆ ಪೈಪುಗಳಿವೆ, ಕಂಬಿಯ ದಾರಿ ಬೇರೆಯೇ ಆಗಬೇಕು. ತಲೆ, ಕೈ ಇನ್ನೂ ರನ್ನರ್‌ನಲ್ಲೇ ಇವೆ. ಕಾಲು ಮಾತ್ರ ಬಿಡಿಸಿಟ್ಟು ಅಳೆಯುತ್ತಿದ್ದೇನೆ.