ಪೆಂಬ್ರೋಕ್‌ಶೈರ್ ಕಡಲಂಚಿನ ಕಾಟೇಜಿನಲ್ಲಿ ಒಂದು ವಾರ: ನಾನು ತಯಾರಿ ಮಾಡಿಕೊಳ್ಳುವ ಬಗೆ

ವೇಲ್ಸ್‌ನ ನೈರುತ್ಯ ತುದಿಯಲ್ಲಿರುವ ಪೆಂಬ್ರೋಕ್‌ಶೈರ್‌ಗೆ ಮನೆಮಂದಿಯೆಲ್ಲ ಹೊರಡುವುದೆಂದರೆ, ಕಾಟೇಜ್ ಹುಡುಕುವ ಮುಂಚೆ ನಾನು ತೆರೆಯುವುದು ಪಂಚಾಂಗ. ಮುಹೂರ್ತಕ್ಕಲ್ಲ, ಹುಣ್ಣಿಮೆ-ಅಮಾವಾಸ್ಯೆ ಯಾವಾಗ ಎಂದು ತಿಳಿಯಲು. ನಮ್ಮ ಮಂಗಳೂರು, ಮಲ್ಪೆಯ ಕಡೆ ಸಮುದ್ರ ಏರಿ ಇಳಿಯುವುದು ಹೆಚ್ಚೆಂದರೆ ಎರಡು ಮೀಟರ್. ಪೆಂಬ್ರೋಕ್‌ಶೈರ್‌ನ ಕಡಲೂರು ಟೆನ್ಬಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆ ಕಳೆದ ಒಂದೆರಡು ದಿನ ಅದು ಏಳು ಮೀಟರ್ ದಾಟುತ್ತದೆ. ಬೆಳಿಗ್ಗೆ ಗೋಡೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನ ನೋಡಿದರೆ ದೂರದಲ್ಲೊಂದು ಗೆರೆ. ಅಲ್ಲಿ ರಜೆಯ ದಿನಚರಿ ಬರೆಯುವುದು ಗಡಿಯಾರ ಅಲ್ಲ, ಉಬ್ಬರ-ಇಳಿತ.

ಈ ಕರಾವಳಿಯ ಲೆಕ್ಕ ಹೀಗಿದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಬೆಳಿಗ್ಗೆ ಏಳೆಂಟಕ್ಕೆ ಮತ್ತು ಸಂಜೆ ಅದೇ ಹೊತ್ತಿಗೆ ಬರುತ್ತದೆ. ಇಳಿತ ಮಧ್ಯಾಹ್ನ ಒಂದೆರಡು ಗಂಟೆಗೆ. ಅಷ್ಟಮಿಯ ಆಚೀಚೆ ಇದು ತಿರುವುಮುರುವು: ನಡುಮಧ್ಯಾಹ್ನವೇ ನೀರು ತುಂಬಿರುತ್ತದೆ. ಚಿಕ್ಕ ಮಕ್ಕಳಿದ್ದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ವಾರದ ನಡುವೆ ಬರುವಂತೆ ಬುಕ್ ಮಾಡುತ್ತೇನೆ. ಊಟದ ಬುತ್ತಿ ಹಿಡಿದು ಹೋಗುವ ಹೊತ್ತಿಗೆ ಸರಿಯಾಗಿ ಮರಳು ವಿಶಾಲವಾಗಿ ತೆರೆದಿರುತ್ತದೆ, ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸೀಗಡಿ ಕಾಣುತ್ತವೆ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿಖರ ಸಮಯಕ್ಕೆ ಅಲ್ಲಿನ ವೇಳಾಪಟ್ಟಿಯನ್ನೇ ನೋಡಬೇಕು. ಪಟ್ಟಿ ಗ್ರೀನ್‌ವಿಚ್ ಸಮಯದಲ್ಲಿದೆಯೋ ಬೇಸಿಗೆ ಸಮಯದಲ್ಲಿದೆಯೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಗ್ರೀನ್‌ವಿಚ್ ಆಗಿದ್ದರೆ, ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಮುಂದಿಡುವುದರಿಂದ, ಒಂದು ಗಂಟೆ ಕೂಡಿಸಬೇಕು.

ಇಳಿದ ನೀರು ಮರಳಿ ಏರುವಾಗ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ಏಳು ಮೀಟರ್ ಏರುವ ದಿನ ನಡುವಿನ ಎರಡೇ ಗಂಟೆಗಳಲ್ಲಿ ಮೂರೂವರೆ ಮೀಟರ್ ನೀರು ಬಂದುಬಿಡುತ್ತದೆ ಎಂದಾಯಿತು. ‘ಈಗಷ್ಟೇ ಏರಲು ಶುರುವಾಗಿದೆ, ಇನ್ನೂ ಹೊತ್ತಿದೆ’ ಎಂದುಕೊಂಡವರು ಸಿಕ್ಕಿಕೊಳ್ಳುವುದು ಇಲ್ಲೇ. ಬ್ರಾಡ್ ಹೇವನ್‌ನಿಂದ ಲಿಟಲ್ ಹೇವನ್‌ಗೆ ಮರಳ ಮೇಲೆ ನಡೆಯುವುದು, ಸಾಂಡರ್ಸ್‌ಫುಟ್ ಮತ್ತು ಟೆನ್ಬಿ ನಡುವಿನ ಮಂಕ್‌ಸ್ಟೋನ್ ಮೂಲೆಯನ್ನು ಸುತ್ತುವುದು, ಟೆನ್ಬಿಯ ಸೇಂಟ್ ಕ್ಯಾಥರೀನ್ ದ್ವೀಪಕ್ಕೆ ನಡೆದುಹೋಗುವುದು, ಇವೆಲ್ಲ ಇಳಿತದಲ್ಲಿ ಮಾತ್ರ ಆಗುವ ಮಾತು. ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟು, ಪೂರ್ತಿ ಇಳಿದ ಹೊತ್ತಿಗೆ ವಾಪಸಾಗುವ ದಾರಿಯಲ್ಲಿರಬೇಕು. ಹಿಂದೆ ಕಡಿದಾದ ಬಂಡೆ, ಮುಂದೆ ನೀರು ಆಗಿಬಿಟ್ಟರೆ ಬಂಡೆ ಹತ್ತಲು ಹೋಗದೆ ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಿ.

ಎರಡನೆಯದು ಗಾಳಿ. ಹವಾಮಾನ ವರದಿಯಲ್ಲಿ ಮಳೆಯ ಚಿತ್ರ ನೋಡಿ ಜನ ಸಪ್ಪೆಯಾಗುತ್ತಾರೆ. ನಾನು ಮಳೆಯನ್ನು ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಬಂದು ಹೋಗುತ್ತದೆ. ಗಾಳಿಯ ದಿಕ್ಕು ಮಾತ್ರ ದಿನವಿಡೀ ಕಾಡುತ್ತದೆ. ಇಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ನ್ಯೂಗೇಲ್, ಫ್ರೆಶ್‌ವಾಟರ್ ವೆಸ್ಟ್ ತೀರಗಳು ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಅಲೆಯೂ ಗಾಳಿಯೂ ನೇರ ಬಡಿಯುತ್ತವೆ. ಸರ್ಫಿಂಗ್ ಮಾಡುವವರಿಗೆ ಅದು ಹಬ್ಬ, ಐದು ವರ್ಷದ ಮಗುವಿಗೆ ಕಣ್ಣಿಗೆ ಮರಳು. ಫ್ರೆಶ್‌ವಾಟರ್ ವೆಸ್ಟ್‌ನಲ್ಲಿ ತೀರದಿಂದ ಕಡಲಿನತ್ತ ಎಳೆದೊಯ್ಯುವ ಸೆಳೆತವೂ ಜೋರು. ಅದೇ ದಿನ ಟೆನ್ಬಿಯ ನಾರ್ತ್ ಬೀಚ್, ಸಾಂಡರ್ಸ್‌ಫುಟ್, ಫ್ರೆಶ್‌ವಾಟರ್ ಈಸ್ಟ್ ಬಂಡೆಗಳ ಮರೆಯಲ್ಲಿ ಶಾಂತವಾಗಿರುತ್ತವೆ. ಹೀಗಾಗಿ ಮಕ್ಕಳಿರುವವರು ಟೆನ್ಬಿ-ಸಾಂಡರ್ಸ್‌ಫುಟ್ ಕಡೆ ಮನೆ ಹಿಡಿಯುವುದೇ ಒಳ್ಳೆಯದು. ಗಾಳಿ ತಿರುಗಿದ ದಿನ ಪಶ್ಚಿಮದ ತೀರಕ್ಕೆ ಕಾರಿನಲ್ಲಿ ಹೋದರಾಯಿತು.

ಕಾಟೇಜುಗಳು ಸಾಮಾನ್ಯವಾಗಿ ಶುಕ್ರವಾರದಿಂದ ಶುಕ್ರವಾರ ಅಥವಾ ಶನಿವಾರದಿಂದ ಶನಿವಾರಕ್ಕೆ ಸಿಗುತ್ತವೆ. ಸಂಜೆ 4ಕ್ಕೆ ಒಳಗೆ, ಬೆಳಿಗ್ಗೆ 10ಕ್ಕೆ ಹೊರಗೆ. ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಸೆಪ್ಟೆಂಬರ್ ಮೊದಲರ್ಧವೇ ಸರಿ: ಬಾಡಿಗೆ ಇಳಿದಿರುತ್ತದೆ, ನೀರು ಇನ್ನೂ 16-17 ಡಿಗ್ರಿ ಇರುತ್ತದೆ. ಮೇ ಕೊನೆಯಲ್ಲಿ ಅದು 12ರ ಆಸುಪಾಸು. ಆದರೆ ಸ್ಕೋಮರ್ ದ್ವೀಪದ ಪಫಿನ್ ಹಕ್ಕಿಗಳನ್ನು ನೋಡಬೇಕಿದ್ದರೆ ಜುಲೈ ಮುಗಿಯುವ ಮುಂಚೆಯೇ ಹೋಗಬೇಕು, ಆಮೇಲೆ ಅವು ಸಮುದ್ರಕ್ಕೆ ಹೊರಟುಹೋಗುತ್ತವೆ. ಮಾರ್ಟಿನ್ಸ್ ಹೇವನ್‌ನಿಂದ ಹೊರಡುವ ಆ ದೋಣಿಗೆ ಬಹಳ ಮುಂಚೆಯೇ ಟಿಕೆಟ್ ಮಾಡಿಸಿ. ಉತ್ತರದ ಗಾಳಿ ಬೀಸಿದರೆ ಇಳಿಯುವ ಕಟ್ಟೆಗೆ ಅಲೆ ಬಡಿಯುವುದರಿಂದ ದೋಣಿ ರದ್ದಾಗುತ್ತದೆ. ಹಾಗಾಗಿ ವಾರದ ಮೊದಲ ದಿನಗಳಿಗೇ ಬುಕ್ ಮಾಡಿ, ಇನ್ನೊಂದು ಪ್ರಯತ್ನಕ್ಕೆ ಜಾಗ ಇಟ್ಟುಕೊಳ್ಳಿ.

ಊರಿಂದ ಬಂದ ಅಜ್ಜ-ಅಜ್ಜಿ ಜೊತೆಗಿದ್ದರೆ ಕಾಟೇಜಿನ ಮಾಲೀಕರಿಗೆ ಫೋನ್ ಮಾಡಿಯೇ ಕೇಳಿ. ಹಳೆಯ ಕಲ್ಲಿನ ಮನೆಗಳಲ್ಲಿ ಮೆಟ್ಟಿಲು ಕಡಿದು, ತೊಲೆ ತಗ್ಗು, ಎಷ್ಟೋ ಕಡೆ ಮಲಗುವ ಕೋಣೆ ಮೇಲೆ, ಬಚ್ಚಲು ಕೆಳಗೆ. ‘ಬೀಚಿಗೆ ಐದು ನಿಮಿಷ’ ಎಂದಿದ್ದರೆ ಎಷ್ಟು ಮೆಟ್ಟಿಲು ಎಂದೂ ಕೇಳಬೇಕು. ಬಾರಫಂಡಲ್ ಬೀಚ್ ಎಷ್ಟು ಚೆಂದವೋ ಅಷ್ಟೇ ತ್ರಾಸ: ಅಲ್ಲಿಗೆ ರಸ್ತೆಯಿಲ್ಲ, ಸ್ಟ್ಯಾಕ್‌ಪೋಲ್ ಕೀಯಲ್ಲಿ ಕಾರು ನಿಲ್ಲಿಸಿ ಸುಮಾರು ಅರ್ಧ ಮೈಲಿ ಹತ್ತಿ ಇಳಿಯಬೇಕು. ಹಿರಿಯರಿಗೆ ಸಾಂಡರ್ಸ್‌ಫುಟ್‌ನಿಂದ ವೈಸ್‌ಮನ್ಸ್ ಬ್ರಿಡ್ಜ್‌ವರೆಗಿನ ದಾರಿ ಹೇಳಿಮಾಡಿಸಿದ್ದು. ಕಲ್ಲಿದ್ದಲು ಸಾಗಿಸುತ್ತಿದ್ದ ಹಳೆಯ ಟ್ರಾಮ್ ಹಳಿಯ ಸುರಂಗಗಳ ಮೂಲಕ ಸಪಾಟಾಗಿ ಸಾಗುತ್ತದೆ, ಮಗುವಿನ ಗಾಡಿಯನ್ನೂ ತಳ್ಳಿಕೊಂಡು ಹೋಗಬಹುದು.

ಅಡುಗೆಮನೆ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ. ಹೊರಡುವ ಮುಂಚೆ ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ನಡೆಯುತ್ತದೆ. ಒಗ್ಗರಣೆಗೆ ಹೊಗೆಯ ಅಲಾರಂ ಕಿರುಚುವುದು ಖಾತ್ರಿ, ಅದರಲ್ಲೂ ಅಡುಗೆಮನೆ, ಹಜಾರ ಒಂದೇ ಆಗಿರುವ ಮನೆಗಳಲ್ಲಿ. ಎಣ್ಣೆ ಇಡುವ ಮೊದಲೇ ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಒಣಮೆಣಸಿನಕಾಯಿಯನ್ನು ಉರಿ ತಗ್ಗಿಸಿದ ಮೇಲೆ ಹಾಕಿ. ಅಲಾರಂ ಬ್ಯಾಟರಿಗೆ ಕೈ ಹಾಕಬೇಡಿ. ಕಟ್ಟಿಗೆ ಒಲೆ ಇರುವ ಮನೆಯಲ್ಲಂತೂ ಬೇಡವೇ ಬೇಡ. ತೊಗರಿಬೇಳೆ, ಸಾರಿನ ಪುಡಿ, ಕರಿಬೇವು ಮನೆಯಿಂದಲೇ ಹೋಗಲಿ, ಇಲ್ಲವೇ ದಾರಿಯಲ್ಲಿ ಕಾರ್ಡಿಫ್‌ನಲ್ಲಿ ಕೊಳ್ಳಿ. ಸಸ್ಯಾಹಾರಿಗಳು ವೆಲ್ಷ್ ಕೇಕ್ ಕೊಳ್ಳುವಾಗ ಬೆಣ್ಣೆಯದೋ ಹಂದಿ ಕೊಬ್ಬಿನದೋ ಕೇಳಬೇಕು, ಸಾಂಪ್ರದಾಯಿಕವಾಗಿ ಕೊಬ್ಬು ಬಳಸುವುದುಂಟು. ಬಿಸಿನೀರು ಟ್ಯಾಂಕಿನದಾದರೆ ಬೀಚಿನಿಂದ ಬಂದ ಎಲ್ಲರಿಗೂ ಒಮ್ಮೆಲೆ ಸಾಲದು, ಮಕ್ಕಳಿಗೆ ಮೊದಲು. ಸೆಪ್ಟಿಕ್ ಟ್ಯಾಂಕ್ ಇರುವಲ್ಲಿ ಒದ್ದೆ ವೈಪ್ಸ್ ಟಾಯ್ಲೆಟ್‌ಗೆ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ನೀರಿಗಿಳಿಯಲು ಮಕ್ಕಳಿಗೆ ಮೈತುಂಬ ಮುಚ್ಚುವ 3/2 ಮಿ.ಮೀ. (ಎದೆ-ಬೆನ್ನಿಗೆ 3, ಕೈಕಾಲಿಗೆ 2 ಮಿ.ಮೀ. ದಪ್ಪದ) ವೆಟ್‌ಸೂಟ್, ಅಂದರೆ ಬೆಚ್ಚಗಿಡುವ ರಬ್ಬರ್ ಉಡುಪು ಬೇಕು. ಬೆಳೆಯುತ್ತಾರೆಂದು ದೊಡ್ಡ ಅಳತೆ ಕೊಂಡರೆ ದುಡ್ಡು ದಂಡ: ಸಡಿಲ ಸೂಟಿನೊಳಗೆ ತಣ್ಣೀರು ಹೊಕ್ಕು ಹೊರಡುತ್ತಲೇ ಇರುತ್ತದೆ, ಮೈ ಬೆಚ್ಚಗಾಗುವುದೇ ಇಲ್ಲ. ಬಾಡಿಗೆಗೆ ತರುವುದು ಮೇಲು. ಜೀವರಕ್ಷಕರಿರುವ ತೀರದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆಯೇ ಈಜಬೇಕು. ಕಪ್ಪು-ಬಿಳಿ ಚೌಕದ ಬಾವುಟವಿರುವ ಕಡೆ ಸರ್ಫ್ ಬೋರ್ಡುಗಳು ನುಗ್ಗುತ್ತವೆ. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ಸಮುದ್ರದತ್ತ ಬೀಸುತ್ತಿದೆ ಎಂದರ್ಥ, ಗಾಳಿ ತುಂಬಿದ ಆಟಿಕೆ ನೀರಿಗೆ ಬೇಡ. ಇಳಿತದ ಹೊತ್ತಲ್ಲಿ ಮರಳಲ್ಲಿ ಹುದುಗಿರುವ ವೀವರ್ ಮೀನಿನ ಮುಳ್ಳು ಚುಚ್ಚಿದರೆ ಕಾಲನ್ನು ತಡೆಯಬಲ್ಲಷ್ಟು ಬಿಸಿನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಇಡಬೇಕು. ದೊಡ್ಡವರು ಮೊದಲು ಕೈ ಅದ್ದಿ ಬಿಸಿ ನೋಡಲಿ, ನೋವಿನಲ್ಲಿರುವ ಮಗುವಿಗೆ ಕಾಲು ಸುಡುವುದು ತಿಳಿಯುವುದಿಲ್ಲ. ತಣ್ಣೀರು ಉಪಯೋಗವಿಲ್ಲ. ನೀರಿನಲ್ಲೂ ರಬ್ಬರ್ ಬೂಟು ಹಾಕಿಸಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಗ್ರೀನ್ ಬ್ರಿಡ್ಜ್ ಕಲ್ಲುಕಮಾನು, ಸೇಂಟ್ ಗೋವನ್ಸ್ ಚಾಪೆಲ್ ನೋಡುವವರು ಕಾಸಲ್‌ಮಾರ್ಟಿನ್ ಸೇನಾ ತಾಲೀಮಿನ ದಿನಗಳನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಗುಂಡು ಹಾರಿಸುವಾಗ ಕೆಂಪು ಬಾವುಟ ಏರಿಸಿ ಅಲ್ಲಿಗೆ ಹೋಗುವ ರಸ್ತೆ ಮುಚ್ಚುತ್ತಾರೆ. ಟೆನ್ಬಿಯ ಎದುರಿನ ಕಾಲ್ಡಿ ದ್ವೀಪದ ದೋಣಿ ಭಾನುವಾರ ಇಲ್ಲ. ಹಳ್ಳಿರಸ್ತೆಗಳಲ್ಲಿ ಎದುರು ಗಾಡಿ ಬಂದರೆ ಹತ್ತಿರದ ಅಗಲ ಜಾಗಕ್ಕೆ ಹಿಮ್ಮುಖವಾಗಿ ಹೋಗಬೇಕಾಗುತ್ತದೆ. ಊರೊಳಗಿನ ಬಹುತೇಕ ರಸ್ತೆಗಳಲ್ಲಿ 2023ರ ಸೆಪ್ಟೆಂಬರ್‌ನಿಂದ ವೇಗದ ಮಿತಿ ಗಂಟೆಗೆ 20 ಮೈಲಿ. ಫೋನ್ ಸಿಗ್ನಲ್ ಕೈಕೊಡುವ ಜಾಗಗಳೇ ಹೆಚ್ಚು, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಹೊರಡುವ ಹಿಂದಿನ ಸಂಜೆಯೇ ಕಸ ವಿಂಗಡಿಸಿಡುತ್ತೇನೆ: ಆಹಾರದ್ದು, ಗಾಜು, ಕಾಗದ, ಪ್ಲಾಸ್ಟಿಕ್ ಬೇರೆ ಬೇರೆ. ವೆಟ್‌ಸೂಟುಗಳನ್ನು ಸಿಹಿನೀರಿನಲ್ಲಿ ಜಾಲಿಸಿ ಅದೇ ಸಂಜೆ ನೆರಳಲ್ಲಿ ನೇತುಹಾಕಬೇಕು. ಬೆಳಿಗ್ಗೆ ತೊಳೆದರೆ 10 ಗಂಟೆಗೆ ಒಣಗಿರುವುದಿಲ್ಲ.